ಸೆಲ್ಫ್ ಹೊಡೆಯುತ್ತೆ, ಸ್ಟಾರ್ಟ್ ಆಗಲ್ಲ: ಹಳೇ ಫಿಯೆಟ್‌ನಲ್ಲಿ ಕರೆಂಟ್ ಹುಡುಕಿದ್ದು

"ಮಾರಾಯ, ಫಿಯೆಟ್ ಕೈ ಕೊಟ್ಟಿದೆ. ಸೆಲ್ಫ್ ಚೆನ್ನಾಗೇ ಹೊಡೀತದೆ, ಸ್ಟಾರ್ಟ್ ಮಾತ್ರ ಆಗ್ತಾ ಇಲ್ಲ. ಆರ್‌ಟಿಓಗೆ ಬೇರೆ ತಗೊಂಡು ಹೋಗ್ಬೇಕು" ಅಂತ ದೊಡ್ಡಪ್ಪ ಫೋನ್ ಮಾಡಿದರು.

ತೀರ್ಥಹಳ್ಳಿ ಹತ್ತಿರದ ನಮ್ಮೂರಿನಲ್ಲಿ ಆ ಕಾರು ಗೊತ್ತಿಲ್ಲದವರಿಲ್ಲ. 1986ರ ಪ್ರೀಮಿಯರ್ ಪದ್ಮಿನಿ. ಆದರೆ ಎಲ್ಲರ ಬಾಯಲ್ಲೂ ಅದು ಫಿಯೆಟ್ಟೇ. 1089 ಸಿಸಿ, ನಾಲ್ಕು ಸಿಲಿಂಡರ್, ಸ್ಟೀರಿಂಗ್ ಪಕ್ಕದಲ್ಲೇ ಗೇರು. ದೊಡ್ಡಪ್ಪ ಶಿವಮೊಗ್ಗದ ಅಡಿಕೆ ಮಂಡಿಗೆ ಹೋಗಿಬಂದದ್ದು, ಅಕ್ಕನ ಮದುವೆಯಲ್ಲಿ ಮದುಮಕ್ಕಳನ್ನು ಕರೆದುಕೊಂಡು ಬಂದದ್ದು ಎಲ್ಲ ಅದರಲ್ಲೇ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂ ಮಾಡಿಸಬೇಕು. 2022ರ ಏಪ್ರಿಲ್‌ನಲ್ಲಿ ಅದರ ಫೀಸು 600ರಿಂದ 5000 ರೂಪಾಯಿಗೆ ಏರಿದಾಗಲೂ ದೊಡ್ಡಪ್ಪ ಕಾರು ಕೊಡುವ ಮಾತು ಎತ್ತಲಿಲ್ಲ. ಫೀಸು ಹೇಗೋ ಕಟ್ಟಬಹುದು. ಇನ್‌ಸ್ಪೆಕ್ಟರ್ ಮುಂದೆ ಗಾಡಿ ಓಡಬೇಕಲ್ಲ?

ನಾನು ಮೆಕ್ಯಾನಿಕ್ ಅಲ್ಲ. ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಓದುವ ಕಾಲದಲ್ಲಿ ಶಿವಮೊಗ್ಗದ ಒಬ್ಬ ಹಿರಿಯ ಮೆಕ್ಯಾನಿಕ್ಕಿನ ಶೆಡ್ಡಿನಲ್ಲಿ ರಜೆಯೆಲ್ಲ ಕಳೆಯುತ್ತಿದ್ದೆ. ಎಲ್ಲರೂ ಅವರನ್ನು ಭಾಯ್ ಅಂತಲೇ ಕರೆಯುತ್ತಿದ್ದರು. ಸ್ಪ್ಯಾನರ್ ಹಿಡಿಯುವ ಮೊದಲು ಗಾಡಿಯವರ ಹತ್ತಿರ ಒಂದಷ್ಟು ಮಾತಾಡುವುದು ಅವರ ಪದ್ಧತಿ. ಅದು ನನಗೂ ಅಂಟಿಕೊಂಡಿದೆ. ಹಾಗಾಗಿ ಫೋನಿನಲ್ಲೇ ಕೇಳಿದೆ.

"ದೊಡ್ಡಪ್ಪ, ಒಂದೇ ಸಲಕ್ಕೆ ನಿಂತುಹೋಯ್ತಾ, ಮೊದಲಿಂದ ಏನಾದರೂ ತೊಂದರೆ ಇತ್ತಾ?"

"ಸ್ವಲ್ಪ ದಿನದಿಂದ ಏರು ಹತ್ತುವಾಗ ಜರ್ಕ್ ಹೊಡೀತಿತ್ತು. ಸಮ ರಸ್ತೆಲಿ ಎಂತ ಇರ್ಲಿಲ್ಲ."

"ಕೊನೇ ಸಲ ಏನು ಕೆಲಸ ಮಾಡಿಸಿದ್ರಿ?"

"ಮಳೆಗಾಲಕ್ಕೆ ಮುಂಚೆ ಟ್ಯೂನಿಂಗ್ ಮಾಡ್ಸಿದೆ. ಪಾಯಿಂಟು, ಕಂಡೆನ್ಸರ್, ರೋಟರ್, ಪ್ಲಗ್ಗು ಎಲ್ಲ ಹೊಸದು. ಮೊನ್ನೆ ನಿಂತ ಮೇಲೆ ಕಾರ್ಬುರೇಟರೂ ಬಿಚ್ಚಿ ಕ್ಲೀನ್ ಮಾಡಿದ್ರು. ಆದ್ರೂ ಇಲ್ಲ."

ಈ ಎರಡು ಉತ್ತರ ನನ್ನ ತಲೆಯಲ್ಲಿ ಕೂತವು. ಏರಿನಲ್ಲಿ ಜರ್ಕ್, ಕಿಡಿ ಕೊಡುವ ಪಾರ್ಟೆಲ್ಲ ಹೊಸದು. ಆಗಲೇ ಇವೆರಡನ್ನೂ ಸೇರಿಸಿ ನೋಡಲು ಆಗುವಂತಿರಲಿಲ್ಲ. ಆದರೆ ನಾವು ಕೊನೆಗೆ ಮುಟ್ಟಿದ ಜಾಗಕ್ಕೆ ದಾರಿ ಇದ್ದದ್ದು ಇವೆರಡರಲ್ಲೇ.

ನಾನು ಹೋಗುವಷ್ಟರಲ್ಲಿ ಕಾರಿನ ಸುತ್ತ ಮೂರ್ನಾಲ್ಕು ಜನ ಸೇರಿದ್ದರು. ಪಕ್ಕದ ಮನೆ ಅಣ್ಣ "ಇದು ಎಥನಾಲ್ ಪೆಟ್ರೋಲಿಂದೇ ಕಿತಾಪತಿ" ಅಂದರು. ಇನ್ನೊಬ್ಬರು ಕಿಡಿಗೆ ವೋಲ್ಟೇಜ್ ಹುಟ್ಟಿಸುವ ಕಾಯಿಲ್ ಬದಲಿಸಿ ಅಂದರು. ಎಸಿ ಪಂಪ್ (ಟ್ಯಾಂಕಿನಿಂದ ಕಾರ್ಬುರೇಟರಿಗೆ ಪೆಟ್ರೋಲ್ ಎಳೆದುಕೊಡುವ ಪಂಪ್) ಹೋಗಿದೆ ಅಂದವರೂ ಇದ್ದರು. ಒಂದೊಂದೂ ಆಗಬಹುದಾದದ್ದೇ. ಆದರೆ ಯಾರೂ ಪ್ಲಗ್ ಬಿಚ್ಚಿ ನೋಡಿರಲಿಲ್ಲ. ಹಳೇ ಕಾರು ರಿಪೇರಿಯಲ್ಲಿ ದುಡ್ಡು ಹೋಗುವುದು ಹೀಗೇ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಅಂದಾಜಿನ ಮೇಲೆ ಒಂದೊಂದೇ ಪಾರ್ಟು ಬದಲಿಸುತ್ತಾ ಹೋಗುತ್ತೇವೆ. ಪದ್ಮಿನಿಯಂಥ ಗಾಡಿಗೆ ಇದು ಇನ್ನೂ ಅಪಾಯ. ಅದರಲ್ಲಿ ಕೂತಿರುವ ಮೂವತ್ತು ನಲವತ್ತು ವರ್ಷದ ಒರಿಜಿನಲ್ ಪಾರ್ಟು, ಇವತ್ತು ಅಂಗಡಿಯಲ್ಲಿ ಸಿಗುವ ಹೊಸದಕ್ಕಿಂತ ಎಷ್ಟೋ ಸಲ ಗಟ್ಟಿ ಇರುತ್ತದೆ.

ಮೊದಲು ಕಿವಿಯಿಂದ ಶುರು ಮಾಡಿದೆ. ಗೇರು ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೆದು ದೊಡ್ಡಪ್ಪನಿಗೆ ಕೀ ತಿರುಗಿಸಲು ಹೇಳಿ ಪಕ್ಕದಲ್ಲಿ ನಿಂತೆ. ಸೆಲ್ಫ್ ಹೊಡೆಯುವಾಗ ಎಂಜಿನ್ನಿನ ಸದ್ದಿಗೆ ಒಂದು ಲಯ ಇರುತ್ತದೆ. ಪ್ರತಿ ಸಿಲಿಂಡರ್ ಗಾಳಿಯನ್ನು ಒತ್ತುವಾಗಲೂ ಸೆಲ್ಫ್ ಸ್ವಲ್ಪ ಕಷ್ಟಪಡುತ್ತದೆ, ಆಮೇಲೆ ಹಗುರಾಗುತ್ತದೆ. ನಾಲ್ಕು ಪೆಟ್ಟೂ ಒಂದೇ ಸಮ ಇದ್ದರೆ ಕಂಪ್ರೆಷನ್ ಹೆಚ್ಚುಕಮ್ಮಿ ಸರಿ ಇದೆ ಅಂತ ಅರ್ಥ. ಒಂದು ಪೆಟ್ಟು ತಪ್ಪಿದರೆ ಒಂದು ಸಿಲಿಂಡರಿನಲ್ಲಿ ತೊಂದರೆ. ಲಯವೇ ಇಲ್ಲದೆ ಸುಯ್ಯಂತ ಸಲೀಸಾಗಿ ತಿರುಗಿದರೆ ಟೈಮಿಂಗ್ ಚೈನೋ ಬೆಲ್ಟೋ ಹೋಗಿರಬಹುದು. ಅಂಥ ಹೊತ್ತಿನಲ್ಲಿ ಮತ್ತೆ ಮತ್ತೆ ಸೆಲ್ಫ್ ಹೊಡೆಯಬಾರದು. ನಮ್ಮ ಫಿಯೆಟ್ಟಿನ ಲಯ ಚೆನ್ನಾಗಿತ್ತು. ಬ್ಯಾಟರಿಗೆ ಮೀಟರ್ ಹಿಡಿದೆ. ಸುಮ್ನೆ ಇದ್ದಾಗ 12.5 ವೋಲ್ಟ್, ಸೆಲ್ಫ್ ಹೊಡೆಯುವಾಗ 10ಕ್ಕಿಂತ ಕೆಳಗೆ ಇಳಿಯಲಿಲ್ಲ. ಬ್ಯಾಟರಿ ಪಟ್ಟಿಯಿಂದ ಹೊರಗೆ.

ಆಮೇಲೆ ಪ್ಲಗ್. ನನ್ನ ಅನುಭವದಲ್ಲಿ ಅರ್ಧ ಉತ್ತರ ಸಿಗುವುದು ಇಲ್ಲೇ. ಒಂದಷ್ಟು ಹೊತ್ತು ಸೆಲ್ಫ್ ಹೊಡೆದು, ತಕ್ಷಣ ಪ್ಲಗ್ ಬಿಚ್ಚಿ ತುದಿ ನೋಡಬೇಕು. ಒಣಗಿದ್ದರೆ ಪೆಟ್ರೋಲ್ ಅಲ್ಲಿಗೆ ತಲುಪಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಹೊತ್ತಿಕೊಂಡಿಲ್ಲ. ನಾಲ್ಕನ್ನೂ ಬಿಚ್ಚಿ ಹಳೇ ಪೇಪರಿನ ಮೇಲೆ ಸಾಲಾಗಿ ಇಟ್ಟೆ. ನಾಲ್ಕೂ ಒದ್ದೆ. ಹೊಸ ಪ್ಲಗ್ಗಿನ ಬಿಳಿ ಪಿಂಗಾಣಿಯ ಸುತ್ತ ತೆಳ್ಳಗೆ ಕಪ್ಪು ಮಸಿ, ಅದರ ಮೇಲೆ ಪೆಟ್ರೋಲಿನ ಪಸೆ. ಮೂಗಿನ ಹತ್ತಿರ ತಂದರೆ ಗಪ್ಪಂತ ವಾಸನೆ. ಅಂದರೆ ಟ್ಯಾಂಕು, ಪೈಪು, ಪಂಪು, ಕಾರ್ಬುರೇಟರು ಎಲ್ಲ ತಮ್ಮ ಕೆಲಸ ಮಾಡಿವೆ.

"ಆದ್ರೂ ಪೆಟ್ರೋಲೇ ಕೆಟ್ಟಿರ್ಬೋದಲ್ಲ?" ಅಂತ ಪಕ್ಕದ ಮನೆ ಅಣ್ಣ ಬಿಡಲಿಲ್ಲ. ಪ್ರಶ್ನೆ ನ್ಯಾಯವಾದದ್ದೇ. ಶೇಕಡ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲನ್ನು ಪ್ರಧಾನಿ ಉದ್ಘಾಟನೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿಯಲ್ಲಿ. ಈಗ ಎಲ್ಲ ಬಂಕಿನಲ್ಲೂ ಅದೇ. ಎಥನಾಲ್‌ಗೆ ನೀರು ಎಳೆದುಕೊಳ್ಳುವ ಗುಣ ಇದೆ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನ ಗಾಡಿ ತಿಂಗಳುಗಟ್ಟಲೆ ನಿಂತರೆ ಒಳಗೆ ತೇವ ಸೇರುತ್ತದೆ. ನೀರು ಜಾಸ್ತಿಯಾದಾಗ ಎಥನಾಲೂ ನೀರೂ ಒಟ್ಟಿಗೆ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತವೆ. ಪೈಪು ಎಳೆಯುವುದು ತಳದಿಂದಲೇ. ಆಗ ಎಂಥ ಒಳ್ಳೆಯ ಕಿಡಿ ಇದ್ದರೂ ಗಾಡಿ ಸ್ಟಾರ್ಟ್ ಆಗುವುದಿಲ್ಲ.

ಇದನ್ನು ಪರೀಕ್ಷೆ ಮಾಡುವುದು ಸುಲಭ. ಕಾಯಿಲ್‌ನ ವೈರ್ ಕಳಚಿಟ್ಟು, ಕಿಡಿ ಬರುವ ಸಾಧ್ಯತೆಯೇ ಇಲ್ಲದ ಹಾಗೆ ಮಾಡಿಕೊಂಡೆ. ಎಸಿ ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ರಬ್ಬರ್ ಪೈಪಿನ ತುದಿ ಬಿಚ್ಚಿ ಗಾಜಿನ ಬಾಟಲಿಗೆ ಇಳಿಸಿದೆ. ಸೆಲ್ಫ್ ಹೊಡೆದಾಗ ಪೆಟ್ರೋಲ್ ಚಿಮ್ಮಿ ಚಿಮ್ಮಿ ಬಂತು. ಪಂಪ್ ಸರಿ ಇದೆ. ಬಾಟಲಿಯನ್ನು ಜಗಲಿ ಮೇಲೆ ಇಟ್ಟು ಸ್ವಲ್ಪ ಹೊತ್ತು ಬಿಟ್ಟೆವು. ಬೆಳಕಿಗೆ ಹಿಡಿದು ನೋಡಿದರೆ ಮೇಲಿಂದ ಕೆಳಗಿನವರೆಗೆ ಒಂದೇ ಬಣ್ಣ. ನಡುವೆ ಗೆರೆ ಇಲ್ಲ, ತಳದಲ್ಲಿ ಬೇರೆ ಪದರ ಇಲ್ಲ, ವಾರ್ನಿಶ್ ಥರದ ಹುಳಿ ವಾಸನೆಯೂ ಇಲ್ಲ. ಅಣ್ಣನೇ ಬಾಟಲಿ ತಿರುಗಿಸಿ ತಿರುಗಿಸಿ ನೋಡಿ "ಪೆಟ್ರೋಲ್ ಸರಿ ಉಂಟು" ಅಂದರು. ಆದರೆ ಪೈಪಿನ ರಬ್ಬರ್ ಮೆತ್ತಗಾಗಿ ತುದಿಯಲ್ಲಿ ಬಿರುಕು ಬಿಟ್ಟಿತ್ತು. ಈ ತೊಂದರೆಗೂ ಅದಕ್ಕೂ ಸಂಬಂಧ ಇಲ್ಲ, ಆದರೆ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರುವುದು ಸಣ್ಣ ವಿಷಯ ಅಲ್ಲ. ಅದನ್ನು ಬರೆದಿಟ್ಟುಕೊಂಡೆ.

ಉಳಿದದ್ದು ಕರೆಂಟ್. ಗ್ಯಾರೇಜಿನಲ್ಲಿ ಕಿಡಿಗೆ ಕರೆಂಟ್ ಅಂತಲೇ ಹೇಳುವುದು.

ಇದು ಬರುವ ದಾರಿ ಗೊತ್ತಿದ್ದರೆ ಹುಡುಕುವುದು ಕಷ್ಟ ಅಲ್ಲ. ಬ್ಯಾಟರಿಯ 12 ವೋಲ್ಟ್ ಕೀ ಮೂಲಕ ಕಾಯಿಲ್‌ಗೆ ಬರುತ್ತದೆ. ಕಾಯಿಲ್ ಒಳಗೆ ದಪ್ಪ ತಂತಿಯ ಕೆಲವು ನೂರು ಸುತ್ತು, ಕೂದಲಿನಂಥ ತಂತಿಯ ಸಾವಿರಾರು ಸುತ್ತು. ದಪ್ಪ ತಂತಿಯಲ್ಲಿ ಹರಿಯುವ ಕರೆಂಟನ್ನು ಡೆಲ್ಕೋ (ಡಿಸ್ಟ್ರಿಬ್ಯೂಟರ್) ಒಳಗಿನ ಪಾಯಿಂಟ್ ಅನ್ನುವ ಸಣ್ಣ ಸ್ವಿಚ್ ತಟ್ಟನೆ ತುಂಡು ಮಾಡುತ್ತದೆ. ಆ ಕ್ಷಣದಲ್ಲಿ ತೆಳು ತಂತಿಯಲ್ಲಿ ಹತ್ತು ಸಾವಿರ ವೋಲ್ಟ್‌ಗೂ ಮೀರಿ ಹುಟ್ಟುತ್ತದೆ. ಸೆಕೆಂಡ್ ಪಿಯು ಮಕ್ಕಳಿಗೆ ನಾನು ಬೋರ್ಡಿನ ಮೇಲೆ ಬರೆಯುವ ಫ್ಯಾರಡೆ ನಿಯಮ ಇದೇ. ಆ ಹೈ ವೋಲ್ಟೇಜ್ ದಪ್ಪ ಮೈನ್ ವೈರಿನಲ್ಲಿ ಡೆಲ್ಕೋ ಕ್ಯಾಪಿನ ನಡುವಿಗೆ ಬರುತ್ತದೆ. ಅಲ್ಲಿಂದ ರೋಟರ್ ಅದನ್ನು ಅಂಚೆಯವನ ಹಾಗೆ ನಾಲ್ಕು ಮನೆಗೆ ಸರದಿಯಲ್ಲಿ ಹಂಚುತ್ತದೆ. 1, 3, 4, 2. ಇದೇ ಆ ಎಂಜಿನ್ನಿನ ಸರದಿ.

ಟೆಸ್ಟ್ ಲ್ಯಾಂಪ್ ಅಂದರೆ ಬೇರೆ ಏನಲ್ಲ, ಹಳೇ 12 ವೋಲ್ಟ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿದ್ದು. ಒಂದು ತುದಿ ಬಾಡಿಗೆ ಅರ್ಥ್, ಇನ್ನೊಂದು ತುದಿ ಕಾಯಿಲ್‌ನ ಪ್ಲಸ್ಸಿಗೆ. ಕೀ ಆನ್ ಮಾಡಿದಾಗ ಬಲ್ಬ್ ಹತ್ತಿತು. ಇಷ್ಟಕ್ಕೇ ಬಿಡಬಾರದು. ಎಷ್ಟೋ ಹಳೇ ಕೀ ಸ್ವಿಚ್‌ಗಳಲ್ಲಿ ಆನ್ ಇದ್ದಾಗ ಕರೆಂಟ್ ಬರುತ್ತದೆ, ಸೆಲ್ಫ್ ಕಡೆ ತಿರುಗಿಸಿದ ಕೂಡಲೇ ಹೋಗಿಬಿಡುತ್ತದೆ. ಸೆಲ್ಫ್ ಹೊಡೆಯುವಷ್ಟು ಹೊತ್ತೂ ಕಿಡಿ ಇಲ್ಲ, ಕೀ ಬಿಟ್ಟ ಕ್ಷಣಕ್ಕೆ ಒಂದು ಸಲ ಧಡ್ ಅಂತ ಹೊತ್ತಿದ ಹಾಗಾಗುತ್ತದೆ. ಅಂಥದ್ದು ಕಂಡರೆ ನೇರ ಸ್ವಿಚ್ ನೋಡಿ. ನಮ್ಮಲ್ಲಿ ಸೆಲ್ಫ್ ಹೊಡೆಯುವಾಗಲೂ ಬಲ್ಬ್ ಹತ್ತಿಕೊಂಡೇ ಇತ್ತು. ಆಮೇಲೆ ಲ್ಯಾಂಪನ್ನು ಕಾಯಿಲ್‌ನ ಇನ್ನೊಂದು ಕಡೆ, ಡೆಲ್ಕೋಗೆ ಹೋಗುವ ವೈರಿಗೆ ಇಟ್ಟೆ. ಸೆಲ್ಫ್ ಹೊಡೆದಾಗ ಅದು ಮಿಣ ಮಿಣ ಅಂತ ಹತ್ತಿ ಆರುತ್ತಿತ್ತು. ಪಾಯಿಂಟ್ ತೆರೆದು ಮುಚ್ಚುತ್ತಿದೆ ಅಂತ ಆಯಿತು. ಸಂದು ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್, ಹಾಕಿ ಪಾಯಿಂಟ್ ಗ್ಯಾಪ್ ನೋಡಿದೆ, 0.4 ರಿಂದ 0.5 ಮಿ.ಮೀ. ನಡುವೆ ಇತ್ತು. ಟ್ಯೂನಿಂಗ್ ಮಾಡಿದವರ ಕೈ ಚೆನ್ನಾಗಿದೆ.

ಇಂಜೆಕ್ಷನ್ ಇರುವ ಗಾಡಿಯವರಿಗೆ ಇಲ್ಲೇ ಒಂದು ಮಾತು. ನಿಮ್ಮ ಕಾರಿನಲ್ಲಿ ಪಾಯಿಂಟೂ ಇಲ್ಲ, ಕಾರ್ಬುರೇಟರೂ ಇಲ್ಲ. ಆದರೆ ಕೇಳುವ ಪ್ರಶ್ನೆಗಳು ಇವೇ. ಕೀ ಆನ್ ಮಾಡಿದ ತಕ್ಷಣ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡ್ ಗುಂಯ್ ಅಂತ ಪೆಟ್ರೋಲ್ ಪಂಪಿನ ಸದ್ದು ಬರಬೇಕು. ಬರದಿದ್ದರೆ ಫ್ಯೂಸ್, ರಿಲೇ, ಆಮೇಲೆ ಪಂಪ್. ಡ್ಯಾಶ್‌ಬೋರ್ಡಿನಲ್ಲಿ ಕೀ ಅಥವಾ ಬೀಗದ ಗುರುತಿನ ಲೈಟು ಮಿಣುಕುತ್ತಲೇ ಇದ್ದರೆ ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಕೀಯನ್ನು ಗುರುತು ಹಿಡಿದಿಲ್ಲ, ಇನ್ನೊಂದು ಕೀ ಹಾಕಿ ನೋಡಿ. ಕಿಡಿಯೂ ಇಲ್ಲ, ಇಂಜೆಕ್ಟರೂ ಪೆಟ್ರೋಲ್ ಬಿಡುತ್ತಿಲ್ಲ ಅಂತಾದರೆ ಎಂಜಿನ್ ತಿರುಗುವುದನ್ನು ಕಾರಿನ ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಪಡಬೇಕು. ಬಿಸಿಯಾದಾಗ ಸತ್ತು ತಣ್ಣಗಾದಾಗ ಬದುಕುವುದು ಅದರ ಚಾಳಿ. ಸ್ಕ್ಯಾನರ್ ಹಾಕಿಸಿದರೂ ಅದು ಹೇಳಿದ್ದನ್ನು ಸಾಕ್ಷಿ ಅಂತ ತಗೊಳ್ಳಿ, ತೀರ್ಪು ಅಂತ ಬೇಡ.

ಫಿಯೆಟ್ಟಿಗೆ ಬರೋಣ. ಮುಂದಿನದು ಕಾಯಿಲ್ ಪರೀಕ್ಷೆ. ಪೈಪ್ ವಾಪಸ್ ಬಿಗಿದು, ಬಾಟಲಿ ದೂರ ಇಟ್ಟು, ಸುತ್ತ ಪೆಟ್ರೋಲಿನ ಪಸೆ ಇಲ್ಲ ಅಂತ ಖಾತ್ರಿ ಮಾಡಿಕೊಂಡೆ. ಇದನ್ನು ಯಾರೂ ಹಗುರಾಗಿ ತಗೊಳ್ಳಬಾರದು. ಮೈನ್ ವೈರನ್ನು ಡೆಲ್ಕೋ ಕ್ಯಾಪಿನಿಂದ ಕಿತ್ತು, ದೊಡ್ಡಮ್ಮನ ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಕ್ಲಿಪ್ಪಿನಲ್ಲಿ ಹಿಡಿಸಿ, ಅದರ ತುದಿ ಎಂಜಿನ್ನಿನ ಕಬ್ಬಿಣದಿಂದ ಸುಮಾರು 6 ಮಿ.ಮೀ. ದೂರದಲ್ಲಿ ಇರುವ ಹಾಗೆ ಇಟ್ಟೆ. ಕೈಯಲ್ಲಿ ಹಿಡಿಯಬೇಡಿ. ದೊಡ್ಡಪ್ಪ ಕೀ ತಿರುಗಿಸಿದರು. ಚಟ್, ಚಟ್, ಚಟ್. ನೀಲಿ ಕಿಡಿ, ಒಂದೂ ತಪ್ಪದೆ. ಪಾಯಿಂಟಿನ ಜೊತೆಗೆ ಇರುವ ಕಂಡೆನ್ಸರ್ ಹೋಗಿದ್ದರೆ ಕಿಡಿ ಹಳದಿ ಬಣ್ಣಕ್ಕೆ ತಿರುಗಿ ಸೊರಗುತ್ತದೆ, ಪಾಯಿಂಟ್ ನಡುವೆ ಜೋರಾಗಿ ಬೆಂಕಿ ಕಾಣುತ್ತದೆ. ಇಲ್ಲಿ ಅದ್ಯಾವುದೂ ಇಲ್ಲ.

"ಕರೆಂಟ್ ಬರ್ತಾ ಉಂಟಲ್ಲ! ಮತ್ತೆಂತ ಇದಕ್ಕೆ?" ಅಂದರು ದೊಡ್ಡಪ್ಪ.

ಹೆಚ್ಚಿನವರು ದಾರಿ ತಪ್ಪುವುದು ಈ ಜಾಗದಲ್ಲೇ. ಕಾಯಿಲ್ ಹತ್ತಿರ ಕಿಡಿ ಕಂಡ ಕೂಡಲೇ "ಕರೆಂಟ್ ಇದೆ" ಅಂತ ತೀರ್ಮಾನ ಮಾಡಿ ಮತ್ತೆ ಕಾರ್ಬುರೇಟರಿಗೆ ಹೋಗುತ್ತಾರೆ. ನಮ್ಮ ಕಾರಿನಲ್ಲೂ ಮೊನ್ನೆ ಕಾರ್ಬುರೇಟರ್ ಬಿಚ್ಚಿದ್ದು ಹಾಗೇ ಇರಬೇಕು. ಕಿಡಿ ಬೇಕಾಗಿರುವುದು ಪ್ಲಗ್ಗಿನ ತುದಿಯಲ್ಲಿ, ಅಲ್ಲಿ ನೋಡುವವರೆಗೆ ಕರೆಂಟ್ ಇದೆ ಅಂತ ಹೇಳುವ ಹಾಗಿಲ್ಲ. ಮೈನ್ ವೈರ್ ವಾಪಸ್ ಹಾಕಿ, ಬಿಚ್ಚಿದ ಪ್ಲಗ್ಗೊಂದನ್ನು ಒರೆಸಿ ಒಣಗಿಸಿ ಅದರ ವೈರಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಭಾಗ ಎಂಜಿನ್ನಿಗೆ ತಾಗುವ ಹಾಗೆ ಮಲಗಿಸಿದೆ. ಪ್ಲಗ್ ತೂತುಗಳಿಂದ ಪೆಟ್ರೋಲ್ ಆವಿ ಬರುತ್ತದೆ ಅಂತ ಅವನ್ನು ಬಟ್ಟೆಯಿಂದ ಮುಚ್ಚಿ, ಪ್ಲಗ್ಗನ್ನು ಆದಷ್ಟು ದೂರ ಇಟ್ಟಿದ್ದೆ. ಸೆಲ್ಫ್ ಹೊಡೆದರು. ಏನೂ ಇಲ್ಲ. ಎರಡನೇ ವೈರ್, ಮೂರನೆಯದು, ನಾಲ್ಕನೆಯದು. ಒಂದರಲ್ಲೂ ಇಲ್ಲ.

ಹುಡುಕುವ ಜಾಗ ಈಗ ಒಂದು ಗೇಣಿಗೆ ಇಳಿಯಿತು. ನಾಲ್ಕು ವೈರೂ ಒಂದೇ ದಿನ ಸಾಯುವುದಿಲ್ಲ. ನಾಲ್ಕಕ್ಕೂ ಒಟ್ಟಿಗೆ ತೊಂದರೆ ಬಂದರೆ ನಾಲ್ಕಕ್ಕೂ ಸೇರಿದ ಜಾಗದಲ್ಲಿ ಹುಡುಕಬೇಕು. ಮೈನ್ ವೈರಿನಿಂದ ಆಚೆ, ಪ್ಲಗ್ ವೈರುಗಳಿಂದ ಈಚೆ ಇರುವುದು ಎರಡೇ: ಕ್ಯಾಪು ಮತ್ತು ರೋಟರು.

ಮಲೆನಾಡಿನಲ್ಲಿ ಮೊದಲ ಅನುಮಾನ ಕ್ಯಾಪಿನ ಮೇಲೆ. ಮಳೆಗಾಲದಲ್ಲಿ ಅದರ ಒಳಗೆ ಹನಿ ಕಟ್ಟುತ್ತದೆ, ಕರೆಂಟ್ ತೇವದಲ್ಲೇ ಹರಿದು ಅರ್ಥ್ ಆಗಿಹೋಗುತ್ತದೆ. ಎಷ್ಟೋ ಗಾಡಿಗಳು ಆಷಾಢದಲ್ಲಿ ಬೆಳಿಗ್ಗೆ ಸ್ಟಾರ್ಟ್ ಆಗದೆ, ಕ್ಯಾಪನ್ನು ಒಣ ಬಟ್ಟೆಯಲ್ಲಿ ಒರೆಸಿದ ಕೂಡಲೇ ಸ್ಟಾರ್ಟ್ ಆಗುವುದು ಇದಕ್ಕೇ. ಕ್ಲಿಪ್ ಬಿಡಿಸಿ ಕ್ಯಾಪ್ ಎತ್ತಿ ಬಿಸಿಲಿಗೆ ಹಿಡಿದೆ. ಒಳಗೆ ಒಣಗಿತ್ತು. ಪೆನ್ಸಿಲಿನಲ್ಲಿ ಗೀಚಿದಂಥ ಕಪ್ಪು ಗೆರೆ ಇದ್ದರೆ ಅದು ಕರೆಂಟ್ ಸೋರುವ ದಾರಿ. ಅಂಥದ್ದೂ ಇಲ್ಲ. ನಡುವಿನ ಕಾರ್ಬನ್ ಬ್ರಶ್ ಒತ್ತಿದರೆ ಸ್ಪ್ರಿಂಗಿನ ಮೇಲೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು.

ಉಳಿದದ್ದು ರೋಟರ್. ಹೆಬ್ಬೆರಳಿನಷ್ಟು ದೊಡ್ಡ ಕಪ್ಪು ಪ್ಲಾಸ್ಟಿಕ್ ತುಂಡು, ಮೇಲೊಂದು ಹಿತ್ತಾಳೆ ಪಟ್ಟಿ. ಡೆಲ್ಕೋ ಶಾಫ್ಟಿನ ತಲೆಯ ಮೇಲೆ ಟೋಪಿ ಥರ ಕೂರುತ್ತದೆ. ಎಳೆದು ತೆಗೆದು ನೋಡಿದರೆ ಪಳಪಳ ಹೊಳೆಯುವ ಹೊಸ ಪಾರ್ಟು. ಬಿರುಕಿಲ್ಲ. ಮೀಟರನ್ನು ಓಮ್‌ಗೆ ಇಟ್ಟು, ಒಂದು ತುದಿ ಹಿತ್ತಾಳೆಗೆ, ಇನ್ನೊಂದು ಶಾಫ್ಟ್ ಕೂರುವ ತೂತಿನ ಒಳಗೆ. ಏನೂ ತೋರಿಸಲಿಲ್ಲ, ಅಂದರೆ ಮೀಟರ್ ಲೆಕ್ಕದಲ್ಲಿ ಇನ್ಸುಲೇಷನ್ ಗಟ್ಟಿ.

ಈ ಪರೀಕ್ಷೆಯನ್ನು ನಂಬಬಾರದು. ಮೀಟರ್ ಒಳಗಿರುವುದು 9 ವೋಲ್ಟಿನ ಸೆಲ್. ರೋಟರ್ ತಡೆಯಬೇಕಾದ್ದು ಅದರ ಸಾವಿರಪಟ್ಟು. ಕಡಿಮೆ ವೋಲ್ಟಿಗೆ ಗೋಡೆಯಾಗಿ ನಿಂತದ್ದು ಹೆಚ್ಚು ವೋಲ್ಟಿಗೆ ಬಾಗಿಲು ತೆರೆಯಬಹುದು. ಹಾಗಾಗಿ ರೋಟರನ್ನು ಪರೀಕ್ಷೆ ಮಾಡಬೇಕಾದ್ದು ಕಾಯಿಲ್‌ನ ಕರೆಂಟಿನಿಂದಲೇ. ಭಾಯ್ ಇದನ್ನು ತೋರಿಸಿದ್ದು ಒಂದು ಅಂಬಾಸಿಡರ್ ಮೇಲೆ, ಎಷ್ಟೋ ವರ್ಷದ ಹಿಂದೆ.

ಮಾಡುವ ಕ್ರಮ ಇಷ್ಟೇ. ರೋಟರನ್ನು ವಾಪಸ್ ಶಾಫ್ಟಿನ ಮೇಲೆ ಕೂರಿಸಿ, ಕ್ಯಾಪನ್ನು ಪಕ್ಕಕ್ಕೆ ಇಡಬೇಕು. ಪಾಯಿಂಟ್ ಎರಡೂ ಕೂಡಿರುವ ಜಾಗಕ್ಕೆ ಎಂಜಿನ್ ತರಬೇಕು. ಕಾರನ್ನು ಟಾಪ್ ಗೇರಿಗೆ ಹಾಕಿ ಮೆಲ್ಲಗೆ ನೂಕಿದರೆ ಎಂಜಿನ್ ತಿರುಗುತ್ತದೆ. ಆಮೇಲೆ ಮತ್ತೆ ನ್ಯೂಟ್ರಲ್. ಕೀ ಆನ್. ಮೈನ್ ವೈರಿನ ತುದಿಯನ್ನು ಅದೇ ಬಟ್ಟೆ ಕ್ಲಿಪ್ಪಿನಲ್ಲಿ ಹಿಡಿದು ರೋಟರಿನ ಹಿತ್ತಾಳೆಯ ನಡುವಿನಿಂದ 4–5 ಮಿ.ಮೀ. ಮೇಲೆ ಇಟ್ಟು, ಪ್ಲಾಸ್ಟಿಕ್ ಹಿಡಿಯ ಸಣ್ಣ ಸ್ಕ್ರೂಡ್ರೈವರಿನಿಂದ ಪಾಯಿಂಟನ್ನು ಟಕ್ ಅಂತ ತೆರೆಯಬೇಕು. ರೋಟರ್ ಸರಿ ಇದ್ದರೆ ಕಿಡಿ ಹಾರುವುದಿಲ್ಲ, ಹಾರಿದರೂ ಕಂಡೂ ಕಾಣದ ಹಾಗೆ. ಯಾಕೆಂದರೆ ಹಿತ್ತಾಳೆಯಿಂದ ಮುಂದಕ್ಕೆ ಹೋಗಲು ದಾರಿಯೇ ಇಲ್ಲ. ಜೋರಾಗಿ ಹಾರಿದರೆ ಪ್ಲಾಸ್ಟಿಕ್ಕಿನ ಒಳಗೆ ಎಲ್ಲೋ ಶಾಫ್ಟಿಗೆ ದಾರಿ ಇದೆ ಅಂತ ಅರ್ಥ. ತುಂಬಾ ಹೊತ್ತು ಮಾಡಬಾರದು, ಹೋಗಲು ದಾರಿ ಇಲ್ಲದ ವೋಲ್ಟೇಜ್ ಕಾಯಿಲ್‌ನ ಒಳಗಿನ ಇನ್ಸುಲೇಷನ್ನಿಗೇ ಪೆಟ್ಟು ಕೊಡಬಹುದು.

ಬೆಳಕು ಜಾಸ್ತಿ ಇತ್ತು. ಪಕ್ಕದ ಮನೆ ಅಣ್ಣ ಗೋಣಿಚೀಲ ತಂದು ಬಾನೆಟ್ಟಿಗೆ ಇಳಿಬಿಟ್ಟು ನೆರಳು ಮಾಡಿದರು. ಎಲ್ಲರೂ ಬಗ್ಗಿ ನೋಡುತ್ತಿದ್ದರು. ಸ್ಕ್ರೂಡ್ರೈವರಿನಿಂದ ಪಾಯಿಂಟ್ ತೆರೆದೆ.

ಚಟ್! ದಪ್ಪ ನೀಲಿ ಕಿಡಿ ನೇರ ಹಿತ್ತಾಳೆಯ ಮೇಲೆ ಬಿತ್ತು. ಮತ್ತೆ ತೆರೆದೆ. ಮತ್ತೆ ಚಟ್.

"ಅಲ್ದಾ ಮಾರಾಯ, ಹೊಸ ರೋಟರ್ ಅಲ್ವನಾ ಅದು?" ದೊಡ್ಡಪ್ಪನಿಗೆ ನಂಬಿಕೆ ಬರಲಿಲ್ಲ.

ರೋಟರ್ ತೆಗೆದು ತಲೆಕೆಳಗು ಮಾಡಿ, ಮೊಬೈಲ್ ಟಾರ್ಚ್ ಬಿಟ್ಟು ತೂತಿನ ಒಳಗೆ ನೋಡಿದೆವು. ಹಿತ್ತಾಳೆ ಪಟ್ಟಿಯನ್ನು ಒಂದು ರಿವೆಟ್ ಹೊಡೆದು ಕೂರಿಸಿದ್ದರು. ಆ ರಿವೆಟ್ಟಿನ ಕಾಲು ಪ್ಲಾಸ್ಟಿಕ್ಕಿನ ಒಳಗೆ ಬೇಕಾದ್ದಕ್ಕಿಂತ ಆಳಕ್ಕೆ ಇಳಿದಿತ್ತು. ಅದಕ್ಕೂ ಶಾಫ್ಟಿನ ತಲೆಗೂ ನಡುವೆ ಉಳಿದದ್ದು ತೆಳ್ಳನೆಯ ಪೊರೆ. ಆ ಪೊರೆಯ ಮಧ್ಯೆ ಸೂಜಿ ಚುಚ್ಚಿದಷ್ಟು ಒಂದು ಚುಕ್ಕಿ, ಸುತ್ತ ಕರಕಲು. ಉಗುರಿನಿಂದ ಕೆರೆದರೆ ಮಸಿ ಬಂತು. ನಾಲ್ಕು ಸಿಲಿಂಡರಿಗೆ ಹೋಗಬೇಕಾದ ಕರೆಂಟೆಲ್ಲ ಆ ಚುಕ್ಕಿಯಿಂದ ಇಳಿದು ಶಾಫ್ಟಿಗೆ, ಶಾಫ್ಟಿನಿಂದ ಬಾಡಿಗೆ ಹೋಗಿಬಿಡುತ್ತಿತ್ತು.

ಏರಿನ ಜರ್ಕಿಗೂ ಆಗ ಕಾರಣ ಸಿಕ್ಕಿತು. ಕಿಡಿ ಹಾರಲು ಎಷ್ಟು ವೋಲ್ಟ್ ಬೇಕು ಅನ್ನುವುದು ಪ್ಲಗ್ಗಿನ ಸುತ್ತ ಇರುವ ಒತ್ತಡದ ಮೇಲೆ ನಿಂತಿದೆ. ಸಮ ರಸ್ತೆಯಲ್ಲಿ ಆಕ್ಸಿಲೇಟರ್ ಮೆಲ್ಲಗೆ ಒತ್ತಿದಾಗ ಸಿಲಿಂಡರಿಗೆ ಹೋಗುವ ಗಾಳಿ ಕಡಿಮೆ, ಒತ್ತಡ ಕಡಿಮೆ, ಕಿಡಿ ಸಲೀಸಾಗಿ ಹಾರುತ್ತದೆ. ಏರಿನಲ್ಲಿ ಪೂರ್ತಿ ಒತ್ತಿದಾಗ ಸಿಲಿಂಡರ್ ತುಂಬಾ ಗಾಳಿ, ಒತ್ತಡ ಜಾಸ್ತಿ, ಹಾರಲು ಹೆಚ್ಚು ವೋಲ್ಟ್ ಬೇಕು. ಆಗ ಕರೆಂಟಿಗೆ ಪ್ಲಗ್ಗಿಗಿಂತ ಆ ಪೊರೆಯೇ ಸುಲಭದ ದಾರಿ ಆಗಿರಬೇಕು. ಒಂದೊಂದು ಸಲ ಅಲ್ಲಿ ಸೋರಿದಾಗಲೂ ಪ್ಲಾಸ್ಟಿಕ್ ಇಷ್ಟಿಷ್ಟೇ ಸುಟ್ಟು ಇದ್ದಲಾಗುತ್ತಾ ಬಂದು, ಕಡೆಗೆ ಆ ದಾರಿ ಪ್ಲಗ್ಗಿನ ಗ್ಯಾಪಿಗಿಂತ ಯಾವಾಗಲೂ ಸುಲಭವಾಗಿಬಿಟ್ಟಿದೆ. ಅವತ್ತೇ ಗಾಡಿ ನಿಂತದ್ದು. ಇದನ್ನು ವಿವರಿಸುವಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ದೊಡ್ಡಪ್ಪ ಫೋನಿನಲ್ಲಿ ಹೇಳಿದ ಒಂದು ಸಣ್ಣ ಮಾತು ಎಷ್ಟು ನಿಖರವಾಗಿತ್ತು!

"ಹಳೇ ರೋಟರ್ ಬಿಸಾಕಿದ್ರಾ?" ಅಂತ ಕೇಳಿದೆ.

ದೊಡ್ಡಪ್ಪ ಏನನ್ನೂ ಬಿಸಾಕುವವರಲ್ಲ. ಒಳಗಿಂದ ಬಿಸ್ಕತ್ ಡಬ್ಬಿ ಬಂತು. ಹಳೇ ಪಾಯಿಂಟು, ಫ್ಯೂಸು, ನಟ್ಟು ಬೋಲ್ಟಿನ ನಡುವೆ ಕಂದು ಬಣ್ಣದ ರೋಟರ್ ಸಿಕ್ಕಿತು. ಅದರಲ್ಲಿ ರಿವೆಟ್ ಇಲ್ಲ, ಹಿತ್ತಾಳೆಯನ್ನು ಬೇಕಲೈಟ್ ಅನ್ನುವ ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್ಕಿನ ಜೊತೆಗೇ ಅಚ್ಚು ಹಾಕಿ ಕೂರಿಸಿದ್ದರು. ತುದಿ ಸ್ವಲ್ಪ ಸವೆದು ಕಪ್ಪಾಗಿತ್ತು, ಅಷ್ಟೇ. ಒರೆಸಿ, ಶಾಫ್ಟಿಗೆ ಹಾಕಿ ಅದೇ ಪರೀಕ್ಷೆ ಮಾಡಿದೆ. ಪಾಯಿಂಟ್ ಎಷ್ಟು ತೆರೆದರೂ ಕಿಡಿ ಇಲ್ಲ.

ಪ್ಲಗ್ಗುಗಳನ್ನು ಬ್ರಶ್ಶಿನಿಂದ ಉಜ್ಜಿ ಬಿಸಿಲಿಗೆ ಒಣಗಿಸಿದೆವು. ಅಷ್ಟೊತ್ತಿಗೆ ದೊಡ್ಡಮ್ಮ ಕಷಾಯ ತಂದುಕೊಟ್ಟರು. ಎಂಜಿನ್ ಒಳಗೆ ಪೆಟ್ರೋಲ್ ಜಾಸ್ತಿ ಸೇರಿತ್ತು. ಅಂಥ ಹೊತ್ತಿನಲ್ಲಿ ಚೋಕ್ ಎಳೆಯಬಾರದು. ಆಕ್ಸಿಲೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು, ಗಾಳಿ ಹೆಚ್ಚು ಹೋಗಿ ಪೆಟ್ರೋಲ್ ಹೊರಗೆ ಹೋಗುತ್ತದೆ. ಪಂಪ್ ಮಾಡಬಾರದು, ಒತ್ತಿ ಹಿಡಿಯಬೇಕು. ದೊಡ್ಡಪ್ಪ ಹಾಗೇ ಮಾಡಿದರು. ಒಂದೆರಡು ಸುತ್ತು ತಿರುಗಿತು, ಒಂದು ಸಿಲಿಂಡರ್ ಹೊತ್ತಿತು, ಮತ್ತೊಂದು, ಆಮೇಲೆ ನಾಲ್ಕೂ ಸೇರಿ ಭರ್ರಂತ ಸ್ಟಾರ್ಟ್ ಆಯಿತು. ಹಿಂದಿನಿಂದ ಕಪ್ಪು ಹೊಗೆ ದಟ್ಟವಾಗಿ ಬಂದು ನಿಧಾನ ತಿಳಿಯಾಯಿತು. ದೊಡ್ಡಪ್ಪ ಕಾರಿನಿಂದ ಇಳಿಯಲೇ ಇಲ್ಲ. ಹಾಗೇ ಗೇರ್ ಹಾಕಿ, ನನ್ನನ್ನೂ ಅಣ್ಣನನ್ನೂ ಹತ್ತಿಸಿಕೊಂಡು, ಮೊದಲು ಜರ್ಕ್ ಹೊಡೆಯುತ್ತಿದ್ದ ಏರಿಗೇ ಓಡಿಸಿದರು. ಎಲ್ಲೂ ತಡವರಿಸಲಿಲ್ಲ.

ಟ್ಯೂನಿಂಗ್ ಮಾಡಿದವರನ್ನು ನಾನು ದೂರುವುದಿಲ್ಲ. ಪಾಯಿಂಟ್ ಗ್ಯಾಪ್ ನೋಡಿದರೇ ಅವರು ಕೆಲಸ ಬಲ್ಲವರು ಅಂತ ಗೊತ್ತಾಗುತ್ತದೆ. ತೊಂದರೆ ಪಾರ್ಟಿನದ್ದು. ಪ್ಯಾಕೆಟ್ಟಿನ ಮೇಲೆ ಕಂಪನಿ ಹೆಸರೂ ಇರಲಿಲ್ಲವಂತೆ. ಮುಂಬೈಯಲ್ಲಿ ಸಾವಿರಾರು ಪದ್ಮಿನಿ ಟ್ಯಾಕ್ಸಿ ಓಡುತ್ತಿದ್ದ ಕಾಲದಲ್ಲಿ ಇದರ ಪಾರ್ಟಿಗೆ ದೊಡ್ಡ ಮಾರ್ಕೆಟ್ ಇತ್ತು. 2023ರ ಅಕ್ಟೋಬರ್ ಕೊನೆಗೆ ಅಲ್ಲಿಯ ಕೊನೇ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಕೊಳ್ಳುವವರು ಕಡಿಮೆಯಾದ ಹಾಗೆ ಒಳ್ಳೆಯ ಮಾಲು ಸಿಗುವುದೂ ಕಷ್ಟವಾಗುತ್ತಾ ಹೋಗುತ್ತದೆ. ಹಾಗಾಗಿ ಹಳೇ ಗಾಡಿಗೆ ಹೊಸ ಪಾರ್ಟ್ ಹಾಕಿಸಿದವರಲ್ಲಿ ನನ್ನದೊಂದು ಕೋರಿಕೆ. ಬಿಚ್ಚಿದ ಹಳೇ ಪಾರ್ಟನ್ನು ಕೇಳಿ ಈಸ್ಕೊಂಡು ಮನೆಗೆ ತನ್ನಿ. ಕೆಟ್ಟು ಬಿಚ್ಚಿದ್ದಾ, ಸುಮ್ನೆ ಬದಲಿಸಿದ್ದಾ ಅಂತ ಒಂದು ಚೀಟಿ ಬರೆದು ಜೊತೆಗಿಡಿ.

ಹೊಸ ರೋಟರನ್ನು ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಹುಡುಕಲು ಒಬ್ಬ ಶಿಷ್ಯನಿಗೆ ಹೇಳಿದ್ದೇನೆ. ರಿವೆಟ್ ಇಲ್ಲದ್ದು ಸಿಕ್ಕರೆ ಎರಡು ತರಲು ಹೇಳಿದ್ದೇನೆ. ಬಂದ ಮೇಲೆ ಎರಡನ್ನೂ ಕಾಯಿಲ್ ಕರೆಂಟಿನಲ್ಲಿ ಪರೀಕ್ಷೆ ಮಾಡಿ, ಒಂದನ್ನು ಡ್ಯಾಶ್‌ಬೋರ್ಡಿನಲ್ಲಿ ಇಡುವುದು. ಎಥನಾಲ್ ತಡೆಯುವ ರಬ್ಬರ್ ಪೈಪ್ ಶಿವಮೊಗ್ಗದಲ್ಲೇ ಸಿಕ್ಕಿತು. ಟ್ಯಾಂಕಿನಿಂದ ಪಂಪಿಗೆ, ಪಂಪಿನಿಂದ ಕಾರ್ಬುರೇಟರಿಗೆ ಎರಡೂ ಕಡೆ ಬದಲಿಸಿ, ಹೊಸ ಕ್ಲಿಪ್ ಹಾಕಿ ಬಿಗಿದಾಯಿತು. ಆರ್‌ಟಿಓಗೆ ಹೋಗುವ ಮೊದಲು ಇನ್ನು ಉಳಿದಿರುವುದು ಹಿಂದಿನ ಎಡಗಡೆ ಬ್ರೇಕ್ ಲೈಟ್. ಅದರ ಹೋಲ್ಡರ್ ತುಕ್ಕು ಹಿಡಿದಿದೆ, ಈ ಭಾನುವಾರ ಉಪ್ಪುಕಾಗದ ಹಾಕಿ ಉಜ್ಜಬೇಕು.